ಹಗುರ ಕೆಲಸದ ಕೋಣೆ

ಮೊಣಕಾಲುಗಳು ಕೆಳಗಿಳಿಯಲೇ ಇಲ್ಲ. ಶವಪೆಟ್ಟಿಗೆ ತಂದಿದ್ದವನು ಒಂದನ್ನು ಒತ್ತಿ ಹಿಡಿದರೆ ಇನ್ನೊಂದು ಅಲ್ಲೇ ನಿಲ್ಲುತ್ತಿತ್ತು. ಎರಡನ್ನೂ ಒಟ್ಟಿಗೆ ಅದುಮಿದರೆ ಅತ್ತ ತಲೆ, ಬೆನ್ನು ಹಾಸಿಗೆ ಬಿಟ್ಟು ಮೇಲೇಳುತ್ತಿದ್ದವು. ಬದುಕಿದ್ದಷ್ಟು ಕಾಲ ಯಾರು ಹೇಗೆ ಹೇಳಿದರೆ ಹಾಗೆ ಕೂತು ಎದ್ದಿದ್ದ ಮನುಷ್ಯ, ಸತ್ತ ಮೇಲೆ ಹಟ ಹಿಡಿದಿದ್ದ.

ಪೆಟ್ಟಿಗೆಯವನು ಹಣೆಯ ಬೆವರು ಒರೆಸಿಕೊಂಡು ಪಕ್ಕದಲ್ಲಿ ನಿಂತಿದ್ದ ಸತ್ತವನ ಭಾವಮೈದುನನ ಕಡೆ ನೋಡಿದ.

"ಸಾರ್, ಇವರು ಮಲಗಿದ್ದಾಗ ಹೋದವರಲ್ಲ. ಕೂತಲ್ಲೇ ಹೋಗಿದ್ದಾರೆ. ಹೋದ ಮೇಲೂ ತುಂಬ ಹೊತ್ತು ಕೂತೇ ಇದ್ದಾರೆ."

"ಏನೇನೋ ಮಾತಾಡಬೇಡಿ. ನಿನ್ನೆ ಸಂಜೆ ಇದೇ ಹಾಸಿಗೇಲಿ ಹೋದ್ರು. ಡಾಕ್ಟ್ರು ಬರೆದುಕೊಟ್ಟಿದ್ದಾರೆ."

"ಡಾಕ್ಟ್ರು ಬರೆದಿರಬಹುದು ಸಾರ್. ಮುಚ್ಚಳ ಹಾಕಬೇಕಾದೋನು ನಾನು."

ಭಾವಮೈದುನನಿಗೂ ಆ ಮೊಣಕಾಲುಗಳ ಅರ್ಥ ತಿಳಿಯದೆ ಇರಲಿಲ್ಲ. ತಿಳಿದದ್ದನ್ನು ತಿಳಿಯದಂತೆ ಇರುವುದು ಅವನಿಗೆ ಉದ್ಯೋಗದ ಜೊತೆಗೇ ಬಂದ ಅಭ್ಯಾಸ; ಅವನೂ ಅದೇ ಕಂಪನಿಯ ಉಗ್ರಾಣದಲ್ಲಿದ್ದ. ಜೋರಾಗಿ ಅದುಮಿದರೆ ಕಾಲು ಬರುತ್ತದೆ, ಸ್ವಲ್ಪ ಸದ್ದಾಗುತ್ತದೆ, ಹೆಂಗಸರು ಹೊರಗೆ ಹೋಗಲಿ ಎಂದು ಪೆಟ್ಟಿಗೆಯವನು ಹೇಳಿದಾಗ ಅವನು ಸರಿ ಅಂದುಬಿಟ್ಟ.

"ಮುಟ್ಟಬೇಡಿ" ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಿನಿಂದ. "ಅವರ ಸೊಂಟ ಒಂದು ಸಲ ಮುರಿದದ್ದೇ ಸಾಕು."

ಅವಳ ಕೈಯಲ್ಲಿ ಗಂಡನ ಊಟದ ಡಬ್ಬಿ ಇತ್ತು. ಬೆಳಗಿನಿಂದ ಅವಳು ಅದನ್ನು ಕೆಳಗಿಟ್ಟಿರಲಿಲ್ಲ. ಸಂಕಟಕ್ಕೆ ಏನೋ ಒಂದು ಹಿಡಿದುಕೊಂಡಿದ್ದಾಳೆ ಎಂದು ಬಂದವರೆಲ್ಲ ಅಂದುಕೊಂಡಿದ್ದರು.

*

ಕಂಪನಿ ಮಾಡುತ್ತಿದ್ದುದು ಸರ್ಕಾರದ ರಾಕೆಟ್ಟುಗಳಿಗೆ ಬೇಕಾದ ಇಂಧನದ ಟ್ಯಾಂಕು. ಒಂದೊಂದೂ ಎರಡಂತಸ್ತಿನ ಮನೆಯಷ್ಟು ಎತ್ತರ. ಸುತ್ತ ಕಬ್ಬಿಣದ ಅಟ್ಟಣಿಗೆ. ಅದರ ಮೇಲೆ ನಿಂತು ಟ್ಯಾಂಕಿನ ಮೈ ಉಜ್ಜಿ ನಯ ಮಾಡುವುದು ಸತ್ತವನ ಕೆಲಸವಾಗಿತ್ತು. ಅಟ್ಟಣಿಗೆಗೆ ತಡೆಕಂಬಿ ಇತ್ತು. ಕ್ರೇನು ಟ್ಯಾಂಕನ್ನು ಇಳಿಸುವಾಗ ಅದು ಅಡ್ಡ ಬರುತ್ತದೆಂದು ಬಿಚ್ಚಿದರು. ಮತ್ತೆ ಕಟ್ಟುವುದಕ್ಕೆ ಅರ್ಧ ಪಾಳಿ ಹಿಡಿಯುತ್ತದೆಂದು ಕಟ್ಟಲಿಲ್ಲ. ಇವತ್ತೊಂದಿನ ಸುಧಾರಿಸಿಕೊಳ್ಳಿ ಅಂದ ಮೇಸ್ತ್ರಿ. ಆ ಇವತ್ತೊಂದಿನ ಮುಗಿಯಲೇ ಇಲ್ಲ. ಒಂದು ಸಂಜೆ ಅವನು ಎಂದಿನಂತೆ ಒಂದು ಹೆಜ್ಜೆ ಹಿಂದಿಟ್ಟ, ಅಷ್ಟೆ.

ಕಂಪನಿಯ ಗೇಟಿನ ಮೇಲೆ ಒಂದು ದೊಡ್ಡ ಹಲಗೆ ಇತ್ತು. ಅಪಘಾತವಿಲ್ಲದೆ ಕಳೆದ ದಿನಗಳು ಎಂದು ಅದರ ಮೇಲೆ ಬರೆದು, ಕೆಳಗೆ ದಿನದಿನವೂ ಅಂಕಿ ಬದಲಿಸುತ್ತಿದ್ದರು. ಸರ್ಕಾರ ಮುಂದಿನ ಗುತ್ತಿಗೆ ಕೊಡುವಾಗ ಆ ಹಲಗೆಗೆ ಬಹಳ ಮರ್ಯಾದೆ ಕೊಡುತ್ತಿತ್ತು. ಅದಕ್ಕೊಂದು ನಿಯಮವೂ ಇತ್ತು. ಪೆಟ್ಟು ತಿಂದವನು ಮರುದಿನ ಕೆಲಸಕ್ಕೆ ಬರಲಾಗದಿದ್ದರೆ ಮಾತ್ರ ಅದು ಅಪಘಾತ. ಬಂದರೆ ಬರೀ ಗಾಯ, ಮುಲಾಮು ಹಚ್ಚಿ ಮರೆಯುವಂಥದ್ದು. ಇನ್ನೊಂದು: ಗೇಟಿನ ಅಡಿಯಲ್ಲಿ ಎಳೆದಿದ್ದ ಬಿಳಿ ಗೆರೆಯಿಂದ ಒಳಗೆ ಆದದ್ದಷ್ಟೇ ಲೆಕ್ಕಕ್ಕೆ. ಗೆರೆಯಾಚೆ ಸತ್ತರೆ ಅದು ಮನೆಯವರ ದುರದೃಷ್ಟ.

ಹಾಗಾಗಿ ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಕಂಪನಿಯ ಕಾರು ಬಂತು. ಸೊಂಟದಿಂದ ಕೆಳಕ್ಕೆ ಹಸಿ ಪ್ಲಾಸ್ಟರು. ಹೆಂಡತಿ ಅಡ್ಡ ನಿಂತು, ಇವತ್ತು ಬೇಡ, ಮೂಳೆ ಕೂಡಿಕೊಳ್ಳಲಿ ಎಂದು ಬೇಡಿಕೊಂಡಳು. ಬಂದಿದ್ದ ಕಂಪನಿಯ ಅಧಿಕಾರಿ ತುಂಬ ಮೃದುವಾಗಿ ಮಾತಾಡಿದ. "ಬರೀ ಕೂತಿದ್ರೆ ಸಾಕಮ್ಮ. ಹಗುರ ಕೆಲಸ." ಡಾಕ್ಟರು ಅದೇ ಹೊತ್ತಿಗೆ ಬೇರೆ ರೋಗಿಯನ್ನು ನೋಡಲು ಹೋದರು. ದಾರಿಯ ಒಂದೊಂದು ಉಬ್ಬಿಗೂ ಅವನು ಕೂಗಿಕೊಂಡ. ಡ್ರೈವರು ಕಣ್ಣೀರು ಒರೆಸಿಕೊಳ್ಳುತ್ತಲೇ ಓಡಿಸಿದ, ನಿಲ್ಲಿಸಲಿಲ್ಲ. ಮೂಳೆ ಕೂಡಿತು, ಆದರೆ ಸೊಟ್ಟಗೆ.

ಹಲಗೆಯ ಅಂಕಿ ಏರಿತು. ಆವತ್ತು ಬಂದವನು ಮುಂದೆ ಒಂದು ದಿನ ಬರದಿದ್ದರೂ ಆ ಬೀಳುವಿಕೆಗೆ ಹೊಸದಾಗಿ ಅಪಘಾತವೆಂದು ಹೆಸರಿಡಬೇಕಾಗುತ್ತಿತ್ತು. ಆದ್ದರಿಂದ ಕಾರು ದಿನವೂ ಬಂತು, ವರ್ಷವರ್ಷವೂ ಬಂತು. ಕ್ಯಾಂಟೀನಿನ ಹಿಂದೆ ತರಬೇತಿ ಕೇಂದ್ರ ಎಂದು ಬೋರ್ಡು ಹಾಕಿದ್ದ ಒಂದು ಕೋಣೆ. ಅದನ್ನು ಎಲ್ಲರೂ ಹಗುರ ಕೆಲಸದ ಕೋಣೆ ಎನ್ನುತ್ತಿದ್ದರು. ಬೆರಳು ಜಜ್ಜಿಕೊಂಡವರು, ಮೈ ಸುಟ್ಟುಕೊಂಡವರು ಅಲ್ಲಿ ಕೆಲವು ದಿನ ಕೂತು ಎದ್ದುಹೋಗುತ್ತಿದ್ದರು. ಅವನು ಮಾತ್ರ ಕಾಯಂ. ಜನ ಅವನಿಗೆ ಹಾಜರಿ ಎಂದು ಹೆಸರಿಟ್ಟರು, ಅವನು ಆ ಹೆಸರಿಗೇ ಓಗೊಟ್ಟ.

ಅವನೇನು ಹುತಾತ್ಮನಲ್ಲ. ಸಂಬಳ ಬರುತ್ತಿತ್ತು, ಮಗಳು ಓದಿ ಶಾಲೆಯಲ್ಲಿ ಟೀಚರಾದಳು. ಕಾರಿನ ಮುಂದಿನ ಸೀಟಿನಲ್ಲಿ ಕೂತು ಬೀದಿಯವರಿಗೆಲ್ಲ ಮಂತ್ರಿಯ ಹಾಗೆ ಕೈಬೀಸುವುದು ಅವನಿಗೆ ಇಷ್ಟವಾಗಿತ್ತು. ಕಣ್ಣಿಗೆ ಆಸಿಡ್ ಸಿಡಿದು ಕಟ್ಟು ಹಾಕಿಕೊಂಡು ಕೂತಿದ್ದ ಒಬ್ಬ ಹೆಂಗಸು ಆ ಕೋಣೆಯಲ್ಲೇ ಅವನಿಗೆ ಸ್ವೆಟರ್ ಹೆಣೆಯುವುದನ್ನು ಕಲಿಸಿದಳು. ಕಣ್ಣು ಕಾಣದೆ ಕಲಿಸಿದ್ದರಿಂದಲೋ ಏನೋ, ಅವನು ಹೆಣೆದ ಯಾವ ಸ್ವೆಟರಿನ ತೋಳುಗಳೂ ಸಮನಾಗಿರಲಿಲ್ಲ. ಬೀದಿಯ ಅರ್ಧ ಜನ ಒಂದು ಕೈ ಗಿಡ್ಡ, ಒಂದು ಕೈ ಉದ್ದದ ಸ್ವೆಟರ್ ಹಾಕಿಕೊಂಡು ತಿರುಗುತ್ತಿದ್ದರು. ಇವತ್ತೂ ಹಾಗೇ ಬಂದು ಅಂಗಳದಲ್ಲಿ ನಿಂತಿದ್ದರು.

*

"ಅಮ್ಮ, ಆ ಡಬ್ಬಿ ಕೊಡು" ಎಂದಳು ಮಗಳು.

ತಾಯಿ ಕೊಡಲಿಲ್ಲ. ಮುಚ್ಚಳ ತೆಗೆದು ಮಗಳ ಮೂಗಿನ ಬಳಿ ಹಿಡಿದಳು. ಒಳಗೆ ಸೋಪಿನ ವಾಸನೆ. ಆಫೀಸಿನ ಕೈತೊಳೆಯುವ ಜಾಗದಲ್ಲಿ ಇಡುವಂಥ, ಹೂವಿನ ವಾಸನೆಯ ಸೋಪು.

"ನಿಮ್ಮಪ್ಪ ಹುಟ್ಟಿದಾಗಿನಿಂದ ಒಂದು ತಟ್ಟೆ ತೊಳೆದವರಲ್ಲ" ಎಂದಳು. "ಹೋಗಿ ಡ್ರೈವರನ್ನ ಕರಿ."

ಡ್ರೈವರು ಬೆಳಿಗ್ಗೆಯೇ ಕಾರು ತಂದು ಬೀದಿಯ ಆಚೆ ಬದಿಯಲ್ಲಿ ನಿಲ್ಲಿಸಿಕೊಂಡಿದ್ದ. ಮನೆಯೊಳಗೆ ಬಂದಿರಲಿಲ್ಲ. ಈಗ ಬಂದು ಅಡುಗೆಮನೆಯ ಗೋಡೆಗೆ ಒತ್ತಿಕೊಂಡು ನಿಂತ. ಹಿಂದಿನ ಸಂಜೆ ಅವನೂ ಇನ್ನೊಬ್ಬನೂ ಹಾಜರಿಯನ್ನು ಕಂಕುಳಿಗೆ ಕೈಕೊಟ್ಟು ಎತ್ತಿಕೊಂಡು ಬಂದು, ಅಣ್ಣನಿಗೆ ಇವತ್ತು ಸುಸ್ತು, ಕೂತಿರಲಿ ಬಿಡಿ ಅಕ್ಕ, ಎಂದು ಕುರ್ಚಿಯಲ್ಲಿ ಇಟ್ಟು ಹೋಗಿದ್ದರು. ಅವಳು ಗಂಡನ ಚಪ್ಪಲಿ ಬಿಚ್ಚಲು ಬಗ್ಗಿ ಪಾದ ಮುಟ್ಟಿದ್ದಳು. ಪಾದ ತಣ್ಣಗಿತ್ತು. ಕಿರುಚಿಕೊಳ್ಳುವುದಕ್ಕೂ ಮೊದಲು ಬಾಗಿಲಲ್ಲಿ ಕಂಪನಿಯ ಡಾಕ್ಟರು ನಿಂತಿದ್ದರು. ಅವಳು ಇನ್ನೂ ಯಾರನ್ನೂ ಕರೆದೇ ಇರಲಿಲ್ಲ.

"ಡಬ್ಬಿ ಯಾರು ತೊಳೆದದ್ದು?"

ಡ್ರೈವರು ನೆಲ ನೋಡಿದ. "ನಾನೇ ಅಕ್ಕ."

ಆಮೇಲೆ ಒಂದೊಂದೇ ಮಾತು ಹೊರಬಂತು. ಮಧ್ಯಾಹ್ನ ಊಟದ ಗಂಟೆಗೂ ಮೊದಲೇ ಹೋಗಿದ್ದರು. ಉಲ್ಲನ್ ಉಂಡೆ ತೊಡೆಯಿಂದ ಜಾರಿ ಬಾಗಿಲವರೆಗೆ ಉರುಳಿ ಬಂದಿತ್ತು, ಅದನ್ನು ಎತ್ತಿಕೊಡಲು ಹೋದವರಿಗೆ ಗೊತ್ತಾಯಿತು. ಸುರಕ್ಷತೆಯ ಸಾಹೇಬರು ಓಡಿ ಬಂದರು, ಮೂಗಿನ ಹತ್ತಿರ ಬೆರಳಿಟ್ಟು ನೋಡಿದರು, ಕೋಣೆಗೆ ಹೊರಗಿನಿಂದ ಬೀಗ ಹಾಕಿಸಿದರು. ನಾಳೆ ಗುತ್ತಿಗೆ ಕೊಡುವ ಸರ್ಕಾರದ ಸಮಿತಿ ಬರುವುದಿದೆ, ಇವರು ದಿನಾ ಎಷ್ಟು ಹೊತ್ತಿಗೆ ಹೋಗುತ್ತಾರೋ ಅಷ್ಟು ಹೊತ್ತಿಗೇ ಹೋಗಲಿ ಅಂದರು.

"ತುಂಬಿದ ಡಬ್ಬಿ ಮನೆಗೆ ಹೋದ್ರೆ ಅನುಮಾನ ಬರುತ್ತೆ, ಊಟ ಮಾಡಿದ ಹಾಗೆ ಕಾಣಬೇಕು ಅಂದ್ರು ಅಕ್ಕ. ಊಟ ಚೆಲ್ಲಿದೆ. ಚೆಲ್ಲಿದ ಮೇಲೆ ಹಾಗೇ ಬಿಡೋಕೆ ಮನಸ್ಸು ಬರಲಿಲ್ಲ, ತೊಳೆದೆ."

ಮಗಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಪ್ಪ ಬೀಗ ಹಾಕಿದ ಕೋಣೆಯಲ್ಲಿ ಒಬ್ಬನೇ ಕೂತಿದ್ದ ಆ ಮಧ್ಯಾಹ್ನ ತಾನು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆನೆಂದು ಅವಳಿಗೆ ಹೊಳೆಯಿತು.

ಬಾಗಿಲ ಮರೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ತಾಯಿಯ ತಮ್ಮ, ಆ ಉಗ್ರಾಣದವನು, ಒಳಗೆ ಬಂದ. "ಅಕ್ಕ, ಆದದ್ದಾಯ್ತು. ಭಾವ ಅಲ್ಲಿ ಹೋದ್ರೂ ಅಷ್ಟೆ, ಇಲ್ಲಿ ಹೋದ್ರೂ ಅಷ್ಟೆ. ಹಲಗೆ ಸೊನ್ನೆಗೆ ಬಂದ್ರೆ ಗುತ್ತಿಗೆ ಕೈತಪ್ಪುತ್ತೆ. ಈ ಬೀದಿಯವರೆಲ್ಲ ಕೆಲಸ ಇಲ್ದೆ ಮನೇಲಿ ಕೂರಬೇಕಾಗುತ್ತೆ."

"ಅವರೊಬ್ಬರೇ ಕೂತಿದ್ದಾಗ ನಿಮಗ್ಯಾರಿಗೂ ಏನೂ ಅನ್ನಿಸಲಿಲ್ವಾ?" ಎಂದಳು ಅಕ್ಕ.

ಅವಳಿಗೆ ಬೇಕಾಗಿದ್ದುದು ಪರಿಹಾರವಲ್ಲ, ಜೈಲು ಶಿಕ್ಷೆಯಲ್ಲ. ತನ್ನ ಗಂಡ ಎಲ್ಲಿ ಸತ್ತನೋ ಅಲ್ಲೇ ಸತ್ತನೆಂದು ಅವರಲ್ಲಿ ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಬೇಕಾಗಿತ್ತು. ಅಷ್ಟು ಸಣ್ಣದು. ಅಷ್ಟು ಸಣ್ಣದೇ ಆ ಜನಕ್ಕೆ ಎಲ್ಲಕ್ಕಿಂತ ದುಬಾರಿ.

*

ಕೋಣೆಗೆ ಬೀಗ ಹಾಕಿಸಿದ್ದ ಸುರಕ್ಷತಾ ಮುಖ್ಯಸ್ಥರು ದೊಡ್ಡ ಹೂಗುಚ್ಛದೊಂದಿಗೆ ಬಂದರು. ಬಿಳಿ ಅಂಗಿ, ಎದೆಯ ಮೇಲೆ ಸುರಕ್ಷತೆ ಮೊದಲು ಎಂಬ ಬಿಲ್ಲೆ. ಸಾವಿನ ಮನೆಗೆ ಹೊರಡುವಾಗ ಅದನ್ನು ತೆಗೆದಿಡಬೇಕೆಂದು ಅವರಿಗೆ ತೋಚಿರಲಿಲ್ಲ. ಕಂಪನಿಯಲ್ಲಿ ಒಂದು ಪದ್ಧತಿ ಇತ್ತು: ನಾಲ್ಕು ಜನ ಎಲ್ಲಿ ಸೇರಿದರೂ ಮೊದಲು ಸುರಕ್ಷತೆಯ ಎರಡು ಮಾತು, ಆಮೇಲೆ ಉಳಿದದ್ದು. ಹೆಣದ ಮುಂದೆ ಅದನ್ನು ಬಿಟ್ಟಾರು ಎಂದು ಅಂದುಕೊಂಡಿದ್ದವರಿಗೆ ಅವರ ಪರಿಚಯವಿರಲಿಲ್ಲ.

"ಸಂತಾಪ ಹೇಳುವ ಮೊದಲು ಒಂದು ವಿಷಯ" ಎಂದರು ಗಂಟಲು ಸರಿಮಾಡಿಕೊಂಡು. "ಈ ಮನೆಗೆ ಒಂದೇ ಬಾಗಿಲಿದೆ. ತುರ್ತು ಬಂದರೆ ಎಲ್ಲರೂ ನೂಕದೆ ಇದೇ ಬಾಗಿಲಿಂದ ಹೊರಗೆ ಹೋಗಬೇಕು. ಹೊಸ್ತಿಲ ಹತ್ತಿರ ನೀರು ಚೆಲ್ಲಿದೆ, ಯಾರಾದರೂ ಒರೆಸಿ. ಜಾರುತ್ತೆ."

ಬೀದಿಯವರು ಅಭ್ಯಾಸಬಲದಿಂದ ತಲೆಯಾಡಿಸಿದರು. ಒಬ್ಬ ಹೋಗಿ ನೀರನ್ನೂ ಒರೆಸಿದ. ಇವರು ತೃಪ್ತಿಯಿಂದ ಕೈಮುಗಿದು, ಇಂಥ ನಿಷ್ಠಾವಂತ ಸಿಗುವುದಿಲ್ಲ, ಒಂದು ದಿನವೂ ರಜೆ ಹಾಕಿದವರಲ್ಲ ಎಂದು ಹೇಳಿದರು. ಅಂಗಳದಲ್ಲಿ ಯಾರೋ ಕ್ಯಾಕರಿಸಿ ಉಗಿದ ಸದ್ದು ಕೇಳಿಸಿತು.

*

ಈ ಮುಖ್ಯಸ್ಥ, ಹಾಜರಿ ಬಿದ್ದ ಕಾಲದಲ್ಲಿ, ಕಂಪನಿಯವನಾಗಿರಲಿಲ್ಲ, ಸರ್ಕಾರದ ತಪಾಸಣಾಧಿಕಾರಿಯಾಗಿದ್ದ. ಕಂಪನಿ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದಕ್ಕೇ ಸರ್ಕಾರ ಅವನನ್ನು ಸಾಕಿತ್ತು. ಬಂದಾಗೆಲ್ಲ ಗೇಟಿನಲ್ಲಿ ಹಲಗೆ ನೋಡಿ ಮೆಚ್ಚುತ್ತಿದ್ದ, ಅತಿಥಿ ಕೋಣೆಯಲ್ಲಿ ಕೂರುತ್ತಿದ್ದ, ಕಂಪನಿಯ ಕಾರಿನಲ್ಲೇ ವಾಪಸಾಗುತ್ತಿದ್ದ. ಒಂದು ದಿನ ಮಾತ್ರ ದಾರಿ ತಪ್ಪಿ ಕ್ಯಾಂಟೀನಿನ ಹಿಂದೆ ಬಂದು, ಹಗುರ ಕೆಲಸದ ಕೋಣೆಯ ಬಾಗಿಲು ತೆರೆದುಬಿಟ್ಟ.

ಒಳಗೆ ಹಾಜರಿ ಕೂತಿದ್ದ. ಆಗಿನ್ನೂ ಪ್ಲಾಸ್ಟರು ಬಿಚ್ಚಿರಲಿಲ್ಲ. ಕಾಲುಗಳನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದ. ಪಕ್ಕದಲ್ಲಿ ಕಣ್ಣಿಗೆ ಕಟ್ಟು ಹಾಕಿಕೊಂಡ ಹೆಂಗಸು. ಆಚೆ ಕೈ ಸುಟ್ಟ ಇಬ್ಬರು. ಅಧಿಕಾರಿ ಒಬ್ಬೊಬ್ಬರನ್ನೇ ನೋಡಿದ. ಸರ್ಕಾರವೇ ಬಾಗಿಲು ತೆಗೆದು ನೋಡಿದೆ, ಇನ್ನು ತಾನು ಬಾಯಿ ತೆರೆಯುವ ಅಗತ್ಯವೂ ಇಲ್ಲ, ನಾಳೆಯಿಂದ ಮನೆಯಲ್ಲಿ ಮಲಗಬಹುದು ಎಂದುಕೊಂಡ ಹಾಜರಿ.

"ಟಾಯ್ಲೆಟ್ ಯಾವ ಕಡೆ?" ಎಂದು ಕೇಳಿದ ಅಧಿಕಾರಿ.

ಹಾಜರಿ ಹೆಣೆಯುವ ಕಡ್ಡಿಯಿಂದ ಎಡಕ್ಕೆ ತೋರಿಸಿದ. ಅಧಿಕಾರಿ ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ.

ಮನೆಗೆ ಬಂದು ಹಾಜರಿ ಇದನ್ನು ತಮಾಷೆಯೆಂಬಂತೆ ಹೇಳಿದ್ದ. ಅಧಿಕಾರಿಯ ದನಿ, ಅವಸರ ಎಲ್ಲವನ್ನೂ ನಟಿಸಿ ತೋರಿಸಿದ್ದ. ಮಗಳು ಬಿದ್ದುಬಿದ್ದು ನಕ್ಕಿದ್ದಳು. ಹೆಂಡತಿಗೆ ನಗು ಬಂದಿರಲಿಲ್ಲ. ಅಧಿಕಾರಿಗೆ ನಿವೃತ್ತಿಯಾದ ಮಾರನೆಯ ವಾರವೇ ಕಂಪನಿ ಕರೆದು ಸುರಕ್ಷತಾ ಮುಖ್ಯಸ್ಥನ ಕುರ್ಚಿ ಕೊಟ್ಟಿತು. ಯಾವ ಬಾಗಿಲು ಮುಚ್ಚಬೇಕೆಂದು ತಿಳಿದವರು ಸುಲಭಕ್ಕೆ ಸಿಗುವುದಿಲ್ಲವಲ್ಲ.

*

ಸಂತಾಪ ಮುಗಿದ ಮೇಲೆ ಮುಖ್ಯಸ್ಥರು ಕೆಲಸದ ಮಾತಿಗೆ ಬಂದರು. ಶವದ ವಾಹನ, ಹೂವು, ಜನರಿಗೆ ಬಸ್ಸು ಎಲ್ಲ ಕಂಪನಿಯದು. ಒಂದೇ ಕೋರಿಕೆ: ಸ್ಮಶಾನಕ್ಕೆ ಹಿಂದಿನ ರಸ್ತೆಯಿಂದ ಹೋಗಬೇಕು, ಗೇಟಿನ ಮುಂದಿನಿಂದ ಬೇಡ. ಸಮಿತಿಯವರು ಬಂದಿದ್ದಾರೆ, ಸುಮ್ಮನೆ ಗಲಿಬಿಲಿ.

ಪೆಟ್ಟಿಗೆಯವನು ನಡುವೆ ಬಾಯಿ ಹಾಕಿ, ಮುಚ್ಚಳ ಹಾಕಲಾಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ. ಮುಖ್ಯಸ್ಥರು ಬಿಳಿ ಬಟ್ಟೆಯ ಕೆಳಗೆ ಎದ್ದು ನಿಂತ ಮೊಣಕಾಲುಗಳನ್ನು ಆಗ ನೋಡಿದರು. ನೋಡಿ, ಕೂಡಲೇ ಗೋಡೆಯ ಗಡಿಯಾರದ ಕಡೆ ತಿರುಗಿದರು.

"ಪೆಟ್ಟಿಗೆ ಮುಂದೆ ಹೋಗಲಿ, ಅಲ್ಲಿ ನೋಡ್ಕೊಳ್ಳೋಣ" ಎಂದಳು ಹೆಂಡತಿ. "ಶವದ ಗಾಡಿ ನಮಗೆ ಬೇಡ. ಇವರು ದಿನಾ ಹೋಗ್ತಿದ್ದ ಕಾರಲ್ಲೇ ಬರ್ತಾರೆ. ಅದೊಂದು ನಡೆಸಿಕೊಡಿ."

ಮುಖ್ಯಸ್ಥರ ಮುಖ ಅರಳಿತು. ಏನೇನು ಕೇಳುತ್ತಾಳೋ ಎಂದು ಅವರು ಹೆದರಿಕೊಂಡೇ ಬಂದಿದ್ದರು. "ಖಂಡಿತಮ್ಮ. ಅದೇ ಕಾರು, ಅದೇ ಡ್ರೈವರು. ನಾನೇ ಮುಂದೆ ನಿಂತು ಕಳಿಸಿಕೊಡ್ತೀನಿ."

ಹಾಜರಿಯನ್ನು ಎತ್ತಿ ತಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ಹಾಸಿಗೆಗೆ ಒಗ್ಗದ ಮೈ ಸೀಟಿಗೆ ಹೇಳಿ ಮಾಡಿಸಿದಂತೆ ಕೂತಿತು. ಅಲ್ಲಿಯವರೆಗೆ ಅಳದಿದ್ದ ಮಗಳು ಅದನ್ನು ನೋಡಿ ಅತ್ತಳು. ಹೆಂಡತಿ ಅರ್ಧ ಹೆಣೆದ, ಒಂದೇ ತೋಳಿನ ಸ್ವೆಟರನ್ನು ತಂದು ಅವನ ತೊಡೆಯ ಮೇಲಿಟ್ಟಳು. ಡ್ರೈವರು ಕಾರು ಶುರು ಮಾಡಿದ. ಕುಂಯ್ ಕುಂಯ್ ಎಂದು ಸದ್ದು ಬರತೊಡಗಿತು. ಸೀಟಿನಲ್ಲಿ ಭಾರವಿದೆ, ಬೆಲ್ಟು ಹಾಕಿಲ್ಲ. ಮುಖ್ಯಸ್ಥರು ತಾವೇ ಕಿಟಕಿಯಿಂದ ಬಗ್ಗಿ ಸತ್ತವನ ಎದೆಗೆ ಬೆಲ್ಟು ಬಿಗಿದು, ಒಮ್ಮೆ ಜಗ್ಗಿ ನೋಡಿ, "ಹ್ಞಾ, ಈಗ ಸರಿ" ಎಂದರು. ಆಮೇಲೆ ಸಮಿತಿಯನ್ನು ಎದುರುಗೊಳ್ಳಲು ತಮ್ಮ ಕಾರಿನಲ್ಲಿ ಮೊದಲೇ ಹೊರಟರು.

ಬೀದಿ ಮುಗಿದಲ್ಲಿ ರಸ್ತೆ ಎರಡಾಗುತ್ತದೆ. ಜನರ ಬಸ್ಸು, ಪೆಟ್ಟಿಗೆಯ ಗಾಡಿ ಹಿಂದಿನ ರಸ್ತೆಗೆ ತಿರುಗಿದವು. ಡ್ರೈವರು ವೇಗ ತಗ್ಗಿಸಿ ಕನ್ನಡಿಯಲ್ಲಿ ಹಿಂದಿನ ಸೀಟಿನ ತಾಯಿ ಮಗಳನ್ನು ನೋಡಿದ.

"ದಿನಾ ಹೋಗೋ ದಾರೀಲೇ ಹೋಗಪ್ಪ" ಎಂದಳು ಅವಳು.

"ನನ್ನ ಕೆಲಸ ಹೋಗುತ್ತೆ ಅಕ್ಕ."

"ಹೋಗುತ್ತೆ."

ಅವನು ಗೇಟಿನ ಕಡೆ ತಿರುಗಿಸಿದ. ಉಬ್ಬುಗಳು ಬಂದಾಗ ಎಂದಿನಂತೆ ಮೆಲ್ಲಗೆ ಹತ್ತಿಸಿ ಮೆಲ್ಲಗೆ ಇಳಿಸಿದ.

ಗೇಟಿನ ಕಾವಲುಗಾರನಿಗೆ ದೂರದಿಂದಲೇ ಕಾರು ಗುರುತು ಸಿಕ್ಕಿತು. ಮುಂದಿನ ಸೀಟಿನಲ್ಲಿ ಹಾಜರಿ ಕೂತಿದ್ದ. ಕಾವಲುಗಾರನ ಕೈ ತಲೆಗಿಂತ ಮೊದಲು ಕೆಲಸ ಮಾಡಿತು. ಅಡ್ಡಗಂಬ ಮೇಲೆ ಹೋಯಿತು. ಆಮೇಲೆ ನೆನಪಾಗಿ ಅವನು ಕೂಗಿಕೊಂಡು ಓಡಿ ಬಂದ, ಡ್ರೈವರು ಬ್ರೇಕು ಒತ್ತಿದ.

ಹಲಗೆಯ ಕೆಳಗೆ ಸಮಿತಿಯವರು ಹೊಸ ಹಳದಿ ಹೆಲ್ಮೆಟ್ಟು ಹಾಕಿಕೊಂಡು ಫೋಟೋಕ್ಕೆ ನಿಂತಿದ್ದರು. ಮೇಲೆ ಏಣಿಯ ಮೇಲೊಬ್ಬ ಹಿಂದಿನ ದಿನದ ಅಂಕಿ ತೆಗೆದು ಹೊಸದನ್ನು ಕೈಯಲ್ಲಿ ಹಿಡಿದಿದ್ದ. ಸಮಿತಿಯ ಅಧ್ಯಕ್ಷರ ಪಕ್ಕದಲ್ಲಿದ್ದ ಸುರಕ್ಷತಾ ಮುಖ್ಯಸ್ಥರ ನಗು ಮುಖದ ಮೇಲೆ ಹಾಗೇ ಉಳಿಯಿತು.

ಹೆಂಡತಿ ಇಳಿದು ಬಂದು ಮುಂದಿನ ಬಾಗಿಲನ್ನು ಪೂರ್ತಿ ತೆರೆದಳು.

"ಇವರು ನನ್ನ ಗಂಡ" ಎಂದಳು. "ನಿನ್ನೆ ಮಧ್ಯಾಹ್ನ ಈ ಕಂಪನಿಯ ಒಳಗೆ ಸತ್ತರು. ಸಂಜೇವರೆಗೂ ಕೋಣೆಗೆ ಬೀಗ ಹಾಕಿ ಕೂರಿಸಿದ್ರು. ನೋಡಿ, ಕಾಲು ಇನ್ನೂ ಹಾಗೇ ಇದೆ. ಮುಟ್ಟಿ ನೋಡಿ ಬೇಕಾದ್ರೆ."

ಅಧ್ಯಕ್ಷರು ಒಂದು ಹೆಜ್ಜೆ ಮುಂದೆ ಬಂದರು. ಕಾರಿನ ಕಡೆ ನೋಡಿದರು, ಹಲಗೆಯ ಕಡೆ ನೋಡಿದರು. ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. ಮಗಳು ತಾಯಿಯ ಕೈ ಹಿಡಿದುಕೊಂಡಳು. ಎಷ್ಟೋ ವರ್ಷಗಳ ಮೇಲೆ ಸರ್ಕಾರ ಮತ್ತೊಮ್ಮೆ ತೆರೆದ ಬಾಗಿಲಿನ ಮುಂದೆ ನಿಂತಿತ್ತು.

ಅಧ್ಯಕ್ಷರು ಮುಖ್ಯಸ್ಥರ ಕಿವಿಯ ಬಳಿ ಬಾಗಿ, ಆದರೆ ಎಲ್ಲರಿಗೂ ಕೇಳಿಸುವಂತೆ, "ಈ ಗಾಡಿ ಈಗ ಗೆರೆಯಿಂದ ಒಳಗಿದೆಯೋ, ಹೊರಗಿದೆಯೋ?" ಎಂದು ಕೇಳಿದರು.

ಮುಖ್ಯಸ್ಥರು ಪ್ಯಾಂಟನ್ನು ಮೊಣಕಾಲಿನ ಬಳಿ ಹಿಡಿದೆತ್ತಿಕೊಂಡು ಕುಕ್ಕರುಗಾಲಲ್ಲಿ ಕೂತರು. ಮುಂದಿನ ಚಕ್ರಗಳು ಬಿಳಿ ಗೆರೆ ದಾಟಿದ್ದವು, ಹಿಂದಿನವು ದಾಟಿರಲಿಲ್ಲ. ಅಧ್ಯಕ್ಷರೂ ಬಗ್ಗಿದರು. ಸಮಿತಿಯ ಉಳಿದವರೂ ಒಬ್ಬರ ಹಿಂದೊಬ್ಬರು ಬಗ್ಗಿದರು. ಕಾವಲುಗಾರ ಬೂಟಿನಿಂದ ಧೂಳು ಸರಿಸಿ ಗೆರೆ ಎಲ್ಲಿದೆಯೆಂದು ಅವರಿಗೆ ತೋರಿಸತೊಡಗಿದ. ಏಣಿಯ ಮೇಲಿದ್ದವನು ಅಂಕಿಯನ್ನು ಎದೆಗೊತ್ತಿ ಹಿಡಿದುಕೊಂಡು ಅಪ್ಪಣೆಗಾಗಿ ಕಾಯುತ್ತಿದ್ದ. ಬಾಗಿದ ಆ ಹಳದಿ ಹೆಲ್ಮೆಟ್ಟುಗಳಾಚೆ, ತೆರೆದ ಬಾಗಿಲಿನೊಳಗೆ, ಎದೆಗೆ ಬೆಲ್ಟು ಬಿಗಿದುಕೊಂಡು ಹಾಜರಿ ನೆಟ್ಟಗೆ ಕೂತಿದ್ದ.